ಪಂಚಾಯತಿ ಕಚೇರಿಯ ತಂತಿ ಪೆಟ್ಟಿಗೆ
(ಮೈಲಾರದಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಬೀಜ, ಗೊಬ್ಬರ, ನೀರು ಇವುಗಳ ಮಾತು ಬರುವುದು ವಾಡಿಕೆ. ಇಂದು ನಾನು ಪಂಚಾಯತಿ ಕಚೇರಿಯ ಗೋಡೆಗೆ ಕೂಡಿಸುವ ಒಂದು ಕಬ್ಬಿಣದ ಪೆಟ್ಟಿಗೆಯ ವಿಷಯ ಹೇಳಲು ನಿಂತಿದ್ದೇನೆ. ಅದರ ಗೊಡವೆ ನಮಗೇಕೆ ಎನ್ನಬೇಡಿ. 2000ದಲ್ಲಿ ಭೂಮಿ ಯೋಜನೆ ಬಂದು ಪಹಣಿ ಗಣಕಯಂತ್ರಕ್ಕೆ ಸೇರಿತು. 2016ರಲ್ಲಿ ಬಾಪೂಜಿ ಸೇವಾ ಕೇಂದ್ರಗಳು ಪ್ರಾರಂಭವಾಗಿ ಅನೇಕ ಕೆಲಸಗಳು ಪಂಚಾಯತಿಯಲ್ಲಿಯೇ ಆಗುವಂತಾದವು. ಆದರೆ ಆ ಪೆಟ್ಟಿಗೆ ಕೆಟ್ಟ ದಿನ ಕೂಲಿ ಬಿಟ್ಟು, ಬಸ್ಸಿಗೆ ಹಣ ತೆತ್ತು ಹಡಗಲಿಗೆ ಹೋಗಿ ಸಾಲಿನಲ್ಲಿ ನಿಲ್ಲುವವರು ತಾವೇ. ಅದು ಬೆಳೆ ವಿಮೆಯ ಕಡೆಯ ದಿನವಾಗಿದ್ದರೆ ಕೇಳುವುದೇ ಬೇಡ.

ಪೆಟ್ಟಿಗೆಗೆ ಎರಡು ದಾರಿಗಳು ಬಂದು ಕೂಡುತ್ತವೆ. ಒಂದು ಕರೆಂಟಿನ ತಂತಿ. ಇನ್ನೊಂದು ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್. ಗ್ರಾಮ ಪಂಚಾಯತಿಗಳಿಗೆ ಈ ಎಳೆ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರೊಳಗೆ ಹರಿಯುವುದು ಬೆಳಕು. ಪೆಟ್ಟಿಗೆಯಲ್ಲಿರುವ ಯಂತ್ರವು ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾಡಿ ತಾಮ್ರದ ತಂತಿಯ ಮೂಲಕ ಗಣಕಯಂತ್ರಕ್ಕೆ ಕಳಿಸುತ್ತದೆ.

ಈಗ ಪ್ಯಾನೆಲ್ಲಿನ ಮಾತು. ಪೆಟ್ಟಿಗೆಯ ಮುಂದಿನ ತಗಡಿಗೆ ಪ್ಯಾನೆಲ್ ಎನ್ನುತ್ತಾರೆ. ಎಲ್ಲ ತಂತಿಗಳ ತಲೆಗಳೂ ಸಿಕ್ಕುವುದು ಅದಕ್ಕೇ. ಒಂದು ಊರಿನಲ್ಲಿ ಒಂದೇ ತಗಡಿಗೆ ತೂತು ಕೊರೆದು ಎಲ್ಲವನ್ನೂ ಅದರಲ್ಲಿಯೇ ಬಿಗಿದಿದ್ದರು. ತಾಮ್ರದ ಒಂದು ಸಾಕೆಟ್ಟು ಮುರಿಯಿತು. ಅದನ್ನು ತೆಗೆಯಲು ಇಡೀ ತಗಡನ್ನು ಬಿಚ್ಚಬೇಕಾಯಿತು. ಎಳೆದ ರಭಸಕ್ಕೆ ಹಿಂದಿನ ಗಾಜಿನ ಎಳೆಯೂ ತುಂಡಾಯಿತು. ಕೆಲವು ರೂಪಾಯಿಯ ಸಾಕೆಟ್ಟಿಗಾಗಿ ಊರಿನ ಕೆಲಸವೆಲ್ಲ ದಿನಗಟ್ಟಲೆ ನಿಂತಿತು.

ಕೂರಿಗೆಯ ಒಂದು ತಾಳು ಮುರಿದರೆ ತಾವು ಕೂರಿಗೆಯನ್ನೇ ಒಲೆಗೆ ಹಾಕುವುದಿಲ್ಲ. ಬಡಿಗನನ್ನು ಕರೆಸಿ ಆ ತಾಳನ್ನಷ್ಟೇ ಬದಲಿಸುತ್ತೀರಿ. ಪ್ಯಾನೆಲ್ಲೂ ಹಾಗೆಯೇ ಇರಬೇಕು. ಜಗತ್ತಿನಲ್ಲೆಲ್ಲ ಇಂಥ ರ್‍ಯಾಕಿನ ಮುಂಭಾಗದ ಸಾಮಾನ್ಯ ಅಗಲ 19 ಅಂಗುಲ, ಒಂದು ಮನೆಯ ಎತ್ತರ ಒಂದೂಮುಕ್ಕಾಲು ಅಂಗುಲ. ಈ ಅಳತೆಯೊಳಗೆ ಒಂದೇ ಗಾತ್ರದ ಸಣ್ಣ ಪ್ಲೇಟುಗಳನ್ನು ತಿರುಪಿನಿಂದ ಕೂಡಿಸಬೇಕು. ಒಂದು ಪ್ಲೇಟು ಗಾಜಿನ ಎಳೆಗೆ, ಒಂದು ತಾಮ್ರದ ತಂತಿಗೆ. ಯಾವುದು ಕೆಟ್ಟರೆ ಅದನ್ನಷ್ಟೇ ಬಿಚ್ಚಿದರಾಯಿತು. ಉಳಿದ ಮನೆಗಳಿಗೆ ಕುರುಡು ಪ್ಲೇಟು ಹಾಕಿಡಬೇಕು. ಧೂಳು, ಹಲ್ಲಿ, ಇಲಿ ಒಳಗೆ ಬಾರವು. ಮೈಲಾರಕ್ಕೆ ಇದರ ಉಪಯೋಗ ಹೆಚ್ಚು. ಭರತ ಹುಣ್ಣಿಮೆಯ ಹೊತ್ತಿಗೆ ಕಾರ್ಣಿಕ ಕೇಳಲು ಬರುವ ಜನಕ್ಕೆ ಲೆಕ್ಕವುಂಟೇ? ಆ ನಾಲ್ಕು ದಿನ ಕ್ಯಾಮೆರಾಕ್ಕೋ ಚಿಕಿತ್ಸೆಯ ಡೇರೆಗೋ ಹೊಸ ಸಂಪರ್ಕ ಬೇಕಾದರೆ ಕುರುಡು ಪ್ಲೇಟು ತೆಗೆದು ಬೇರೆಯದನ್ನು ಕೂಡಿಸಬಹುದು.

ಪ್ಲೇಟಿನ ಹಿಂದೆ ಜಾಗ ಬಿಡುವುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ತಾಮ್ರವನ್ನು ಮಡಿಚಿ ತುರುಕಬಹುದು, ಗಾಜನ್ನು ಬರುವುದಿಲ್ಲ. ಸಾಮಾನ್ಯ ಎಳೆಯನ್ನು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಿದರೆ ಬೆಳಕು ಪಕ್ಕಕ್ಕೆ ಸೋರುತ್ತದೆ, ಇನ್ನೂ ಬಾಗಿಸಿದರೆ ಎಳೆಯೇ ಮುರಿಯುತ್ತದೆ. ಆದ್ದರಿಂದ ಪೆಟ್ಟಿಗೆ ಆಳವಾಗಿರಲಿ, ಹೆಚ್ಚಿನ ಎಳೆಯನ್ನು ಹಗ್ಗದ ಸಿಂಬಿಯಂತೆ ಸುತ್ತಿಡಲಿ. ಎಳೆಯ ತಲೆಗಳಲ್ಲಿ ಹಸಿರು ಬಣ್ಣದ್ದನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಹಾಗಲ್ಲ. ಇವೆರಡಕ್ಕೂ ಗಂಟು ಹಾಕಬಾರದು.

ಕರೆಂಟಿಗೆ ಬೇರೆಯೇ ಕೋಣೆ, ನಡುವೆ ತಗಡಿನ ಅಡ್ಡಗೋಡೆ ಇರಲೇಬೇಕು. ಬೆಳಕಿನ ಪ್ಲೇಟು ಬಿಚ್ಚಿದವನ ಕೈಗೆ ಕರೆಂಟು ತಗಲುವಂತಿದ್ದರೆ ಅದು ಪ್ಯಾನೆಲ್ಲಲ್ಲ, ಬಲೆ. ಗಾಜು ಸಿಡಿಲನ್ನು ಒಯ್ಯುವುದಿಲ್ಲ, ನಿಜ. ಆದರೆ ಕೇಬಲ್ಲಿನ ಉಕ್ಕಿನ ಹೊದಿಕೆಯೂ ಕರೆಂಟಿನ ತಂತಿಯೂ ಒಯ್ಯುತ್ತವೆ. ಪೆಟ್ಟಿಗೆಗೂ ಆ ಹೊದಿಕೆಗೂ ಅರ್ಥಿಂಗ್ ಕೊಡಿಸಬೇಕು.

ಬರುವ ಗ್ರಾಮ ಸಭೆಯ ದಿನ ಪೆಟ್ಟಿಗೆಯ ಬಾಗಿಲು ತೆರೆಸಿ ನೋಡಿ. ಪ್ರತಿ ತಂತಿಗೂ ಹೆಸರಿನ ಚೀಟಿ ಇದೆಯೇ, ಬದಲಿ ಪ್ಲೇಟು ಎರಡಾದರೂ ಕಚೇರಿಯಲ್ಲಿವೆಯೇ ಎಂದು ಕೇಳಿ. ಎಳೆಯ ಬಿಚ್ಚಿದ ತುದಿಯನ್ನು ಮಾತ್ರ ಕಣ್ಣಿನ ಹತ್ತಿರ ತರಬೇಡಿ, ಮಕ್ಕಳಿಗೂ ಬಿಡಬೇಡಿ. ಆ ಬೆಳಕು ಕಣ್ಣಿಗೆ ಕಾಣದು, ಆದರೂ ಕಣ್ಣಿಗೆ ಕೇಡು.