ಕಡಲಿಗಿಳಿಯುವ ಮುನ್ನ ಚೀಲದಲ್ಲಿ ಏನಿರಬೇಕು?



ಹವ್ಯಾಸದ ಬಗ್ಗೆ ಮಾತಾಡಿ ಎಂದಾಗ ಸ್ಕೂಬಾ ಡೈವಿಂಗ್ ಎಂದೆ. ಐವತ್ತು ದಾಟಿದವಳಿಗೆ ಇದೇನು ಹುಚ್ಚು ಎಂದು ಕೆಲವರು ನಕ್ಕರು. ಅವರಲ್ಲೇ ಇಬ್ಬರು ಆಮೇಲೆ ಮೆಲ್ಲಗೆ ಬಂದು, "ಹೋಗುವಾಗ ಏನೇನು ತಗೊಂಡು ಹೋಗಬೇಕು?" ಎಂದು ಕೇಳಿದರು. ಹಾಗಾಗಿ ಇವತ್ತು ಅಷ್ಟನ್ನೇ ಹೇಳುತ್ತೇನೆ.

ನಾನು ಹುಟ್ಟಿದ್ದು ಭಟ್ಕಳದ ಕಡೆಯ ಕಡಲ ತೀರದಲ್ಲಿ. ಆದರೂ ನಮಗೆ ಹೆಣ್ಣುಮಕ್ಕಳಿಗೆ ಸಮುದ್ರವೆಂದರೆ ಪಾದ ನೆನೆಯುವಷ್ಟು ಮಾತ್ರ. ಈಜು ಕಲಿತದ್ದು ಮುಂಬಯಿಗೆ ಬಂದು, ಮಗಳು ಕಾಲೇಜು ಸೇರಿದ ಮೇಲೆ. ಅಕ್ಕನ ಮಗಳ ಒತ್ತಾಯಕ್ಕೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಮೊದಲ ಸಲ ಮುಳುಗಿದೆ. ಆಮೇಲೆ ತರಬೇತಿ ಮುಗಿಸಿ, ಇಬ್ಬರೂ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೊರಟೆವು. 2018ರವರೆಗೆ ಹ್ಯಾವ್‌ಲಾಕ್ ಎನ್ನುತ್ತಿದ್ದರಲ್ಲ, ಅದೇ.

ಹೊರಡುವ ಹಿಂದಿನ ರಾತ್ರಿ ಚೀಲ ಭಾರವಾಯಿತು. ಅಕ್ಕನ ಮಗಳು ಕೊಟ್ಟಿದ್ದ ಕಿತ್ತಳೆ ಬಣ್ಣದ ಸುರುಳಿಯನ್ನೂ ಸೀಟಿಯನ್ನೂ ತೆಗೆದಿಟ್ಟೆ. "ಇದೇನೇ, ಹುಟ್ಟುಹಬ್ಬದ ಬಲೂನಾ?" ಎಂದು ನಕ್ಕೆ. ನೀರೊಳಗಿನ ಕ್ಯಾಮೆರಾ ಮಾತ್ರ ಬಿಡಲಿಲ್ಲ.

ಮೂರನೇ ದಿನ ನೀರಿನ ಸೆಳೆತ ಜೋರಾಗಿತ್ತು. ನಾನು ಒಂದು ಮೀನಿನ ಫೋಟೋ ತೆಗೆಯುತ್ತ ನಿಂತೆ, ಗುಂಪು ಮುಂದೆ ಹೋಯಿತು. ಅಕ್ಕನ ಮಗಳು ನನ್ನ ಜೊತೆಗೇ ಉಳಿದಳು. ಕಲಿಸಿದ್ದಂತೆ ಒಂದು ನಿಮಿಷ ಸುತ್ತ ಹುಡುಕಿ, ನಿಧಾನವಾಗಿ ಮೇಲೆ ಬಂದೆವು. ನೋಡಿದರೆ ದೋಣಿ ಬಹಳ ದೂರ. ಕೂಗಿದೆ, ಕೈ ಬೀಸಿದೆ. ಎಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅಲೆಗಳ ನಡುವೆ ನಮ್ಮ ತಲೆಗಳು ತೇಲುವ ಎರಡು ತೆಂಗಿನಕಾಯಿ, ಅಷ್ಟೇ.

ಅವಳು ತನ್ನ ಜೇಬಿನಿಂದ ಅಂಥದ್ದೇ ಸುರುಳಿ ಬಿಚ್ಚಿ ಗಾಳಿ ತುಂಬಿದಳು. ನೀರಿನ ಮೇಲೆ ಕಿತ್ತಳೆ ಕಂಬವೊಂದು ಎದ್ದು ನಿಂತಿತು. ಸೀಟಿ ಊದುತ್ತಲೇ ಇದ್ದಳು. ದೋಣಿ ನಮ್ಮ ಕಡೆ ತಿರುಗುವಷ್ಟರಲ್ಲಿ 20 ನಿಮಿಷ ಕಳೆದಿತ್ತು. "ಚಿಕ್ಕಮ್ಮ, ಬಲೂನು ಹೇಗಿದೆ?" ಎಂದಳು. ನನಗೆ ನಗು ಬರಲಿಲ್ಲ.

ಹಾಗಾಗಿ ಮೊದಲನೆಯದು ಅದೇ: ಸರ್ಫೇಸ್ ಮಾರ್ಕರ್ ಬಾಯ್, ಅದರ ದಾರದ ಉರುಳೆ, ಒಂದು ಸೀಟಿ, ಒಂದು ಪುಟ್ಟ ಕನ್ನಡಿ. ಕನ್ನಡಿಯಿಂದ ಬಿಸಿಲನ್ನು ದೋಣಿಯ ಕಡೆ ಹಾಯಿಸಬಹುದು. ಗೈಡ್ ಹತ್ತಿರ ಇದೆಯಲ್ಲ ಎನ್ನಬೇಡಿ, ಪ್ರತಿಯೊಬ್ಬರ ಹತ್ತಿರವೂ ಇರಲಿ. ಬಳಸುವುದನ್ನು ತರಬೇತುದಾರರ ಎದುರಿಗೆ ಮೊದಲೇ ಅಭ್ಯಾಸ ಮಾಡಿ. ನೀರೊಳಗೆ ಗಾಳಿ ತುಂಬುವಾಗ ದಾರ ಸಿಕ್ಕಿಕೊಂಡರೆ ಅದು ನಮ್ಮನ್ನೂ ಮೇಲಕ್ಕೆ ಎಳೆದುಬಿಡುತ್ತದೆ.

ಎರಡನೆಯದು ಸ್ವಂತ ಮಾಸ್ಕ್. ಸಿಲಿಂಡರ್, ತೂಕದ ಬೆಲ್ಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಮುಖ ಮಾತ್ರ ಒಬ್ಬೊಬ್ಬರದು ಒಂದೊಂದು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ನೋಡಿ. ಬೀಳದೆ ನಿಂತರೆ ಅದು ನಿಮ್ಮದು. ಅಂಚಿನಡಿ ಕೂದಲು ಸಿಕ್ಕಿದರೆ ನೀರು ನುಗ್ಗುತ್ತದೆ, ಜಡೆ ಬಿಗಿಯಾಗಿ ಹೆಣೆದು ತಲೆಗೆ ಬಟ್ಟೆಯ ಪಟ್ಟಿ ಕಟ್ಟಿ. ಕನ್ನಡಕದವರಿಗೆ ಪವರ್ ಇರುವ ಗಾಜೂ ಸಿಗುತ್ತದೆ. ನನಗೆ ಗಾಳಿಯ ಗೇಜ್ ಓದಲು ಅದು ಬೇಕೇ ಬೇಕು. ಗಾಜು ಮಂಜಾಗದಿರಲು ಒಂದು ಹನಿ ಬೇಬಿ ಶಾಂಪೂ ಸವರಿ, ತೊಳೆದರೆ ಸಾಕು.

ಮೂರನೆಯದು ಬಟ್ಟೆ. ನೀರು 28 ಡಿಗ್ರಿ ಬೆಚ್ಚಗಿದ್ದರೂ ಚಳಿ ಹಿಡಿಯುತ್ತದೆ, ಯಾಕೆಂದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತದೆ. 3 ಮಿ.ಮೀ. ದಪ್ಪದ ವೆಟ್‌ಸೂಟ್ ನನಗೆ ಸಾಕಾಗುತ್ತದೆ. ಮೈ ಮುಚ್ಚಿದ್ದರೆ ಬಿಸಿಲು, ಅಂಬಲಿ ಮೀನಿನ ಚುಚ್ಚು ಎರಡರಿಂದಲೂ ರಕ್ಷಣೆ, ಸನ್‌ಸ್ಕ್ರೀನ್ ಕೂಡ ಕಡಿಮೆ ಸಾಕು. ಹವಳಕ್ಕೆ ಹಾನಿಯೆಂದು ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ ರಾಜ್ಯ 2021ರಿಂದ ನಿಷೇಧಿಸಿದೆ. ಕೊಳ್ಳುವಾಗ ಲೇಬಲ್ ಓದಿ.

ನಾಲ್ಕನೆಯದು ಚಿಕ್ಕ ಟಾರ್ಚ್, ಹಗಲಾದರೂ. ಆಳಕ್ಕೆ ಹೋದಂತೆ ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ. ಬೂದು ಎಂದುಕೊಂಡದ್ದರ ಮೇಲೆ ಬೆಳಕು ಬಿಟ್ಟರೆ ಕುಂಕುಮದಂತೆ ಕೆಂಪು! ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಡಿ.

ಐದನೆಯದು ಎರಡು ಕ್ಲಿಪ್ಪು. ನೇತಾಡುವ ಗೇಜ್, ಹೋಸುಗಳನ್ನು ಮೈಗೆ ಸಿಕ್ಕಿಸಲು. ಇಲ್ಲದಿದ್ದರೆ ಅವು ಹವಳವನ್ನು ಕೆರೆದು ಮುರಿಯುತ್ತವೆ. ಹವಳ ಕಲ್ಲಲ್ಲ, ಜೀವ. ಅದು ಬಹಳ ನಿಧಾನ ಬೆಳೆಯುತ್ತದೆ.

ಬೇಡವಾದದ್ದು ಕೈಗವಸು. ಹಾಕಿಕೊಂಡರೆ ಎಲ್ಲವನ್ನೂ ಮುಟ್ಟುವ ಧೈರ್ಯ ಬರುತ್ತದೆ. ಎಷ್ಟೋ ಕಡೆ ಅದನ್ನು ಬಿಡುವುದೂ ಇಲ್ಲ. ನೆನಪಿಗೆಂದು ಹವಳದ ತುಂಡೂ ಬೇಡ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಕೊನೆಗೆ ತೂಕವಿಲ್ಲದ ಮೂರು ಸಾಮಾನು: ತರಬೇತಿಯ ಕಾರ್ಡು, ವೈದ್ಯರ ಒಪ್ಪಿಗೆ, ಮರಳುವ ಮುನ್ನ ಒಂದು ಖಾಲಿ ದಿನ. ಹಲವು ದಿನ ಮುಳುಗಿದ ಮೇಲೆ ವಿಮಾನ ಏರಲು ಕನಿಷ್ಠ 18 ಗಂಟೆ ಬಿಡಬೇಕು, ನಾವು ಪೂರ್ತಿ ಒಂದು ದಿನ ಬಿಡುತ್ತೇವೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ದೋಣಿಯಲ್ಲೇ ಕುಳಿತುಕೊಳ್ಳಿ. ಕಿವಿ ಮುಖ್ಯ.

ಈಗಲೂ ನನ್ನ ಚೀಲ ಭಾರವಾಗುತ್ತದೆ. ಆಗ ಹೊರಗೆ ಬರುವುದು ಕ್ಯಾಮೆರಾ. ನಾವು ನೋಡಿದ್ದನ್ನು ಇತರರಿಗೆ ತೋರಿಸುವುದು ಆಮೇಲಿನ ಮಾತು, ಮೊದಲು ನಾವು ಇತರರಿಗೆ ಕಾಣಬೇಕಲ್ಲ!

ಚಹಾದ ಹೊತ್ತಿಗೆ ಹಿಂದಿನ ಮೇಜಿನ ಮೇಲೆ ಎಲ್ಲ ಸಾಮಾನು ಬಿಚ್ಚಿಡುತ್ತೇನೆ. ಬನ್ನಿ, ಮುಟ್ಟಿ ನೋಡಿ. ಸೀಟಿ ಊದಿದರೂ ಅಡ್ಡಿಯಿಲ್ಲ.