ಹಿಮ, ಉಪ್ಪು ಮತ್ತು ನಮ್ಮ ಕಾರಿನ ಬ್ರೇಕು



ರಕ್ತದೊತ್ತಡ ಅಳೆಯುವ ವೈದ್ಯರಾದ ನಾವು ಕಾರಿನ ಬ್ರೇಕಿನ ಕುರಿತು ಮಾತನಾಡುವುದು ತಮಗೆ ಸೋಜಿಗವೆನಿಸಬಹುದು. ಮಿಷಿಗನ್ನಿನ ಮಾರ್ಚ್ ತಿಂಗಳ ಒಂದು ಮುಂಜಾನೆ, ಮಗಳನ್ನು ಶಾಲೆಗೆ ಕರೆದೊಯ್ಯುತ್ತಿದ್ದಾಗ, ನಮ್ಮ ಹಳೆಯ ಕಾರಿನ ಬ್ರೇಕ್ ಪೆಡಲು ಒಮ್ಮೆಲೇ ಕುಸಿಯಿತು. ಬ್ರೇಕಿನ ಕೊಳವೆಗಳು ಎರಡು ಪ್ರತ್ಯೇಕ ಜೋಡಣೆಗಳಾಗಿರುವುದರಿಂದ, ಒಂದು ಒಡೆದರೂ ಇನ್ನೊಂದು ಉಳಿದು, ಅಡ್ಡರಸ್ತೆಯ ಅಂಚಿನಲ್ಲಿ ಕಾರು ನಿಂತಿತು. ಕೆಳಗಿಣುಕಿದರೆ, ಉಕ್ಕಿನ ಕೊಳವೆಯನ್ನು ತುಕ್ಕು ತಿಂದುಹಾಕಿತ್ತು. ವರ್ಷಕ್ಕೊಮ್ಮೆ ತಪಾಸಣೆಗೆ ಬನ್ನಿರೆಂದು ರೋಗಿಗಳಿಗೆ ಹೇಳುವ ನಾವು ಆ ಕಾರಿನ ತಳವನ್ನು ಒಮ್ಮೆಯೂ ನೋಡಿರಲಿಲ್ಲ.

ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪೇ ಈ ವ್ಯಾಧಿಗೆ ಮೂಲ. ಬ್ರೇಕ್ ಎಣ್ಣೆಯೂ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಣ್ಣೆಯ ಕುದಿಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದೆ. ನೀರು ಬೆರೆತ ಮೇಲೆ ಅದು 140ರವರೆಗೂ ಇಳಿಯಬಹುದು.

ಚಳಿಗಾಲದಲ್ಲಿ ಆಗಾಗ, ವಸಂತದಲ್ಲಿ ತಪ್ಪದೆ, ಕಾರಿನ ತಳವನ್ನು ತೊಳೆಸಿರಿ. ಎಣ್ಣೆಯನ್ನು ಕೈಪಿಡಿ ಹೇಳಿದ ಅವಧಿಗೆ ಬದಲಿಸಿರಿ. ಕೊಳವೆ ಹಾಕಿಸುವಾಗ ತಾಮ್ರ-ನಿಕ್ಕಲ್ ಮಿಶ್ರಲೋಹದ್ದನ್ನು ಕೇಳಿರಿ; ಉಪ್ಪಿಗೆ ಅದು ಸುಲಭವಾಗಿ ಜಗ್ಗದು. ಪೆಡಲು ಮೆತ್ತಗಾದರೆ ಅದನ್ನು ಎದೆನೋವಿನಂತೆಯೇ ಭಾವಿಸಿರಿ: ನಾಳೆಗೆಂದು ಮುಂದೂಡದೆ ಅಂದೇ ತೋರಿಸಿರಿ.