ಅರಿಶಿನದ ಹಾಲು ಕುಡಿದರೆ ಮಾತ್ರೆ ಬಿಡಬಹುದೇ?

"ದಿನಾ ಅರಿಶಿನದ ಹಾಲು ಕುಡಿಯುತ್ತಿದ್ದೇನೆ, ರುಮಟಾಯ್ಡ್ ಸಂಧಿವಾತದ ಮಾತ್ರೆ ನಿಲ್ಲಿಸಲೇ?" ಕೇಳುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ನಿಲ್ಲಿಸಬೇಡಿ. ಹಾಗಂತ ಅರಿಶಿನದಲ್ಲಿ ಏನೂ ಇಲ್ಲ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ಯಾಕೆ ಅಂತ ನೋಡೋಣ. ಮ್ಯಾಕ್ರೊಫೇಜ್‌ನಂಥ ರೋಗನಿರೋಧಕ ಕೋಶಗಳಲ್ಲಿ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನಿದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದ್ದು. ಮಾಮೂಲು ಹೊತ್ತಿನಲ್ಲಿ ಅದು ಕೋಶಕೇಂದ್ರದ ಹೊರಗೆ, ಗೂಟಕ್ಕೆ ಕಟ್ಟಿದ ಎತ್ತಿನಂತೆ ಸುಮ್ಮನಿರುತ್ತದೆ. ಕಟ್ಟಿದ ಹಗ್ಗವೂ ಒಂದು ಪ್ರೋಟೀನೇ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕಿತೆನ್ನಿ, ಒಂದು ಕಿಣ್ವ ಎಚ್ಚೆತ್ತು ಆ ಹಗ್ಗಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅಂಟಿದ್ದೇ ತಡ, ಕೋಶ ಹಗ್ಗವನ್ನು ಚೂರುಚೂರು ಮಾಡುತ್ತದೆ. ಎತ್ತು ಕೋಶಕೇಂದ್ರಕ್ಕೆ ನುಗ್ಗಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಊದಿಸುವ ರಾಸಾಯನಿಕಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಕೀಲು ಊದುವುದರಲ್ಲಿ ಇವುಗಳದೇ ದೊಡ್ಡ ಪಾಲು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಅರಿಶಿನದ ಕರ್ಕ್ಯುಮಿನ್ ಹಾಕಿದರೆ ಆ ಕಿಣ್ವ ಮಂಕಾಗುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಕಿಣ್ವ ಮಂಕಾದರೆ ಹಗ್ಗ ಹರಿಯುವುದಿಲ್ಲ, ಹಗ್ಗ ಹರಿಯದಿದ್ದರೆ ಎತ್ತು ಕದಲುವುದಿಲ್ಲ, ಊದಿಸುವ ರಾಸಾಯನಿಕ ಅಷ್ಟು ತಯಾರಾಗುವುದಿಲ್ಲ.

ತಟ್ಟೆಯಲ್ಲಿ, ಅಂದೆ. ಜಾಹೀರಾತಿನವರು ನುಂಗಿಹಾಕುವ ಮಾತು ಇದೇ. ತಟ್ಟೆಯಲ್ಲಿ ಕರ್ಕ್ಯುಮಿನ್ ಕೋಶದ ಮೈಮೇಲೇ ಬೀಳುತ್ತದೆ. ನೀವು ಕುಡಿದದ್ದನ್ನು ಕರುಳು, ಯಕೃತ್ತು ಎರಡೂ ಸೇರಿ ಬೇಗ ಮಾರ್ಪಡಿಸಿ ಸಾಗಹಾಕುತ್ತವೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಸುಮಾರು 3 ಪಾಲು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಅತ್ಯಲ್ಪ, ಅಥವಾ ಏನೂ ಇಲ್ಲ. ಜೊತೆಗೆ ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಲಭ್ಯತೆ ಶೇಕಡಾ 2000ದಷ್ಟು ಏರಿತು. ಈ ಅಂಕಿಯನ್ನು ಅರಿಶಿನದ ಮಾತ್ರೆಯ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕಿ ಮಾರುತ್ತಾರೆ. ಏರಿದ್ದು ಎಷ್ಟರಿಂದ ಎಂದು ಮಾತ್ರ ಹೇಳುವುದಿಲ್ಲ!

ಪೈಪರೀನ್ ಮಾಡುವುದು ಯಕೃತ್ತಿನ ವಿಲೇವಾರಿ ಕೆಲಸಕ್ಕೆ ಅಡ್ಡಿ. ಆಗ ನೀವು ನುಂಗುವ ಬೇರೆ ಔಷಧಿಗಳೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. "ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಎನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆಗುತ್ತದೆ. ಇಂಥ ಮಾತ್ರೆಗಳಿಂದ ಕೆಲವರ ಯಕೃತ್ತಿಗೇ ಪೆಟ್ಟು ಬಿದ್ದಿದೆ. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿದರು.

ನನಗೆ ಪರಿಚಯದ ಹೆಂಗಸೊಬ್ಬರು ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ಬಿಟ್ಟು ಅರಿಶಿನವನ್ನೇ ನಂಬಿಕೊಂಡರು. ಮತ್ತೆ ಕಂಡಾಗ ಬೆರಳ ಗೆಣ್ಣುಗಳು ಊದಿ, ಬೆರಳು ಓರೆಯಾಗಿದ್ದವು; ರವಿಕೆಯ ಗುಂಡಿ ಹಾಕಲು ಮಗಳು ಬರಬೇಕಿತ್ತು. ಸವೆದ ಕೀಲು ಮೊದಲಿನಂತಾಗುವುದಿಲ್ಲ, ದಯವಿಟ್ಟು ಕೇಳಿ.

ಸಮಯ ಮುಗಿಯುತ್ತಾ ಬಂತು. ಸಾರಿಗೆ, ಪಲ್ಯಕ್ಕೆ ಅರಿಶಿನ ಧಾರಾಳವಾಗಿ ಹಾಕಿ. ಮಾತ್ರೆಯ ರೂಪದಲ್ಲಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರಂತೂ ಕೇಳದೆ ಮುಟ್ಟಲೇಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಂದಾದರೆ ಆ ಡಬ್ಬಿಯನ್ನು ಜೊತೆಗಿಟ್ಟುಕೊಂಡು ಅಂದೇ ಆಸ್ಪತ್ರೆಗೆ ಹೋಗಿ.